ರುಮಾಲಿಗೆ ಎರಡು ಕಿವಿ

ಈರಮ್ಮ ಅಪ್ಪನ ತಲೆಯ ರುಮಾಲನ್ನು ಬಿಚ್ಚತೊಡಗಿದಾಗ ಪಡಸಾಲೆಯಲ್ಲಿ ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ನೋಡಿದರು.

ಅವಳು ಜಹೀರಾಬಾದಿನಿಂದ ಬೆಳಗಿನ ಮೊದಲ ಬಸ್ಸಿಗೆ ಬಂದಿಳಿದು ಕಾಲು ಗಂಟೆಯೂ ಆಗಿರಲಿಲ್ಲ. ಗಂಡ ಶಿವಶಂಕರಪ್ಪ ಅಂಗಳದಲ್ಲಿ ಗಂಡಸರ ನಡುವೆ ಕೂತಿದ್ದ. ಒಳಗೆ ವೀರಪ್ಪನನ್ನು ಗೋಡೆಗೆ ಒರಗಿಸಿ, ಕಾಲು ಮಡಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ, ತಲೆ ವಾಲದಂತೆ ಗದ್ದಕ್ಕೊಂದು ಬಿಳಿ ಪಟ್ಟಿ, ಅದರ ಮೇಲೆ ಬಿಳಿ ರುಮಾಲು. ನಲವತ್ತು ವರ್ಷ ತಾಂಡೂರಿನ ಗಣಿಗಳಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸಿದ ಮನುಷ್ಯ, ಈಗಲೂ ಕೆಲಸದ ನಡುವೆ ದಣಿವಾರಿಸಿಕೊಳ್ಳಲು ಕೂತಂತೆ ಕಾಣುತ್ತಿದ್ದ.

“ಇದನ್ನ ಯಾರು ಸುತ್ಯಾರ?” ಎಂದು ಈರಮ್ಮ ಕೇಳಿದಳು.

“ನಾನೇ ಸುತ್ತೀನವ್ವ,” ಎಂದಳು ಸುಗಲಾಬಾಯಿ. ಅವಳು ವೀರಪ್ಪನ ತೀರಿಹೋದ ಅಕ್ಕನ ಮಗಳು. ಆರು ವರ್ಷದಿಂದ ಈ ಮನೆಯಲ್ಲಿದ್ದು ಮಾಮನಿಗೆ ರೊಟ್ಟಿ ಬಡಿದು ಹಾಕಿದವಳು, ಕೊನೆಯ ಎರಡು ತಿಂಗಳು ಅವನನ್ನು ಕೂಸಿನ ಹಾಗೆ ಎತ್ತಿ ಇಳಿಸಿದವಳು. “ಮೈ ಬಿರುಸಾಗೂಕಿಂತ ಮೊದಲ ಸುತ್ತಬೇಕು ಅಂದ್ರು. ಸುತ್ತಿದೆ.”

“ಅಪ್ಪ ಹಿಂಗ ಸುತ್ತತಿದ್ದಿಲ್ಲ.”

“ಆರು ವರ್ಷ ದಿನಾ ನೋಡೀನಿ ಈರಾ. ಹಿಂಗೇ ಸುತ್ತತಿದ್ದ.”

ಆರು ವರ್ಷ, ದಿನಾ. ಈ ಎರಡು ಮಾತು ಸಾಕಾಯಿತು. ಈರಮ್ಮ ಪಂಚಮಿಗೊಮ್ಮೆ, ಯುಗಾದಿಗೊಮ್ಮೆ ಬಂದು ಎರಡು ರಾತ್ರಿ ಇದ್ದು ಹೋಗುವ ಮಗಳು. ಇವಳು ದಿನಾ ನೋಡಿದವಳು. ಸತ್ತ ಮೇಲೂ ಅಪ್ಪನ ತಲೆ ಮುಟ್ಟುವ ಸರದಿ ಇವಳಿಗೇ ಮೊದಲು ಬಂತಲ್ಲ ಎಂದು ಈರಮ್ಮನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಹೊಟ್ಟೆಕಿಚ್ಚಿಗೆ ಮದುವೆ ಮನೆಯೂ ಒಂದೇ, ಸಾವಿನ ಮನೆಯೂ ಒಂದೇ. ಕರೆಯದಿದ್ದರೂ ಬಂದು ಪಂಕ್ತಿಯಲ್ಲಿ ಕೂತುಬಿಡುತ್ತದೆ.

ಅವಳು ಅಪ್ಪನ ಹಿಂದೆ ನಿಂತು, ಬಗ್ಗಿ, ಬಟ್ಟೆಯನ್ನು ಹೊಸದಾಗಿ ಸುತ್ತಿದಳು. ನೆತ್ತಿಯ ಮೇಲೆ ಒಂದರ ಮೇಲೊಂದು ಮೂರು ಮಡಿಕೆ, ನಡುವೆ ಒಂದು ಸಣ್ಣ ಕುಳಿ, ತುದಿಯನ್ನು ತಂದು ಆ ಕುಳಿಯಲ್ಲಿ ತುರುಕಿ ಬೆರಳಿನಿಂದ ಒತ್ತಿದಳು. ಮುಂದಿನಿಂದ ನೋಡಿದವರಿಗೆ ಮೊದಲಿನದಕ್ಕೂ ಇದಕ್ಕೂ ಏನೂ ಭೇದ ಕಾಣಲಿಲ್ಲ. ಬಾಗಿಲ ಬಳಿ ನಿಂತಿದ್ದ ಮಾಳಿಂಗಪ್ಪ ಮಾತ್ರ ಹತ್ತಿರ ಬಂದು, ಮೇಲಿನಿಂದ ಇಣುಕಿ ನೋಡಿದ. ಅವನು ವೀರಪ್ಪನ ಜೋಡಿಯ ಕೆಲಸಗಾರ. ಒಂದೇ ಗಣಿಯಲ್ಲಿ ಇಬ್ಬರೂ ಮುದುಕರಾದವರು.

“ಖರೇ ಅದ,” ಎಂದ ಮಾಳಿಂಗಪ್ಪ. “ನೆತ್ತಿ ಮ್ಯಾಲ ಅವಂದು ಹಿಂಗೇ ಇರತಿತ್ತು. ಗಣಿ ದಂಡಿಗಿ ನಿಂತು ಕೆಳಗ ನೋಡಿದಾಗೆಲ್ಲಾ ನನಗ ಇದೇ ಕುಣಿ ಕಾಣಸ್ತಿತ್ತು. ಆರಡಿ ಆಳು ಅವಾ. ನೆಲದ ಮ್ಯಾಲ ನಿಂತವರಿಗಿ ಅವನ ನೆತ್ತಿ ಯಾರಿಗೂ ಕಂಡಿಲ್ಲ. ನಿನಗ ಹೆಂಗ ಗೊತ್ತಾತವ್ವ?”

ಈರಮ್ಮನಿಗೂ ತಿಳಿಯಲಿಲ್ಲ. ಕೈಗೆ ಗೊತ್ತಿತ್ತು, ಅಷ್ಟೇ. “ಮಗಳಿಗಿ ಗೊತ್ತಿರೂದಿಲ್ಲೇನು ಕಾಕಾ,” ಎಂದು ಸುಗಲಾಬಾಯಿಗೆ ಕೇಳುವಂತೆ ಹೇಳಿದಳು.

ಅಷ್ಟರಲ್ಲಿ ಅಯ್ಯನವರು ವಿಭೂತಿಯ ಚೀಲ ಹಿಡಿದು ಒಳಗೆ ಬಂದರು. “ಗುಂಡಿ ತಯಾರಾಗ್ಯಾದ. ಲಿಂಗದ ಮ್ಯಾಲ ಮೊದಲ ಪತ್ರಿ ಇಡಾಕ ಮನೀ ಮಂದ್ಯಾಗ ಒಬ್ಬರು ಕೆಳಗ ಇಳೀಬೇಕು. ಗಂಡಮಗ ಇಲ್ಲ. ಯಾರು ಇಳೀತೀರಿ?”

“ಸುಗಲಾನೇ ಇಳೀಲಿ ಬಿಡ್ರಿ,” ಎಂದಳು ಪಕ್ಕದ ಮನೆಯ ಭೀಮಮ್ಮ. “ಅಕಿ ಮಾಡಿದ ಸೇವಾ ದೇವರಿಗೇ ಗೊತ್ತು.” ನಾಲ್ಕು ಜನ ಹೆಂಗಸರು ಹೌದೆಂದು ತಲೆಯಾಡಿಸಿದರು.

“ಯಾಕ? ಹೊಟ್ಟಿಲೆ ಹುಟ್ಟಿದಾಕಿ ನಾ ಸತ್ತೀನೇನು?” ಎಂದಳು ಈರಮ್ಮ. ದನಿ ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. “ನಾ ಇಳೀತೀನಿ. ಅಕಿ ಗುಂಡಿ ದಂಡಿಗೂ ಬರೂದು ಬ್ಯಾಡ.”

ಸುಗಲಾಬಾಯಿ ಬಿಲ್ವಪತ್ರೆಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ಹುಳ ಬಿದ್ದ ಎಲೆಗಳನ್ನು ಆರಿಸಿ ಬೇರೆ ಹಾಕುತ್ತ ಕೂತಳು.

ಮಾಳಿಂಗಪ್ಪ ಕೆಮ್ಮಿದ. “ಇನ್ನೊಂದು ಮಾತು ಅದವ್ವ. ಗೂಡಿನ ಬಾಯಿಗಿ ಹೊಸ ಫರಸಿ ಬ್ಯಾಡ ಅಂದಾನ ನಿಮ್ಮಪ್ಪ. ಹೊರಗಿನ ಕಟ್ಟಿ ಮ್ಯಾಲ ತಾ ಕುಂಡ್ರತಿದ್ದನಲ್ಲ, ಅಲ್ಲಿನ ಮೂರು ಫರಸಿ ಎಬ್ಬಿಸಿ ಹಾಕ್ರಿ ಅಂದಾನ. ಹೋದ ಸ್ವಾಮಾರ ನನ್ನ ಕೈ ಹಿಡಕೊಂಡು ಹೇಳ್ಯಾನ.”

ಕಲ್ಲಿನ ಕೆಲಸದವರ ಮನೆಗಳಲ್ಲಿ ಅದೊಂದು ಪದ್ಧತಿ. ಗುಂಡಿಯ ಗೋಡೆಯಲ್ಲಿ ಗೂಡು ತೋಡಿ ಸತ್ತವರನ್ನು ಅದರೊಳಗೆ ಕೂಡಿಸಿ, ಮಣ್ಣು ಮೈಮೇಲೆ ಬೀಳದಂತೆ ಗೂಡಿನ ಬಾಯಿಗೆ ಮೂರು ಫರಸಿ ನಿಲ್ಲಿಸುತ್ತಾರೆ. ಅದಕ್ಕೆ ಗಣಿಯಿಂದ ಒಳ್ಳೆಯ ಕಲ್ಲನ್ನೇ ತರುತ್ತಾರೆ. ಕೂತು ಸವೆಸಿದ ಹಳೆಯ ಕಲ್ಲು ಬೇಕೆಂದವರು ಯಾರೂ ಇರಲಿಲ್ಲ.

“ಹುಚ್ಚ ಮುದುಕ,” ಎಂದಳು ಭೀಮಮ್ಮ, ಮೂಗು ಒರೆಸಿಕೊಳ್ಳುತ್ತ. ಈರಮ್ಮ ಮಾತ್ರ ಕಂಬ ಹಿಡಿದು ನಿಂತುಬಿಟ್ಟಳು.

*

ಆ ಮೂರು ಫರಸಿಗಳ ಅಡಿಯಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಅವಳದೇ ಒಂದು ಕತೆಯಿತ್ತು.

ಇಪ್ಪತ್ತನಾಲ್ಕು ವರ್ಷದ ಹಿಂದಿನ ಬೇಸಿಗೆ. ಅವಳಿಗಾಗ ಎಂಟು ವರ್ಷ. ಮೆಟ್ಟಿಲ ಬಾವಿಯ ನೀರು ಕುಡಿದವರ ಕಾಲಲ್ಲಿ ನಾರುಹುಣ್ಣು ಏಳುತ್ತಿದ್ದ ಕಾಲ ಅದು. ಅವಳ ಬಲಗಾಲಿನ ಗಿಣ್ಣಿನ ಹತ್ತಿರ ಗುಳ್ಳೆ ಒಡೆದು, ಬಿಳಿಯ ನೂಲಿನಂಥ ಹುಳ ತಲೆ ಹೊರಗೆ ಹಾಕಿತ್ತು. ಅದನ್ನು ಎಳೆದು ಕೀಳುವಂತಿಲ್ಲ. ಹರಿದರೆ ಕಾಲೆಲ್ಲ ಕೀವಾಗುತ್ತದೆ. ಒಂದು ಕಡ್ಡಿಗೆ ಅದರ ತುದಿ ಸುತ್ತಿ, ಕಡ್ಡಿಯನ್ನು ಕಾಲಿಗೇ ಕಟ್ಟಿ, ದಿನಕ್ಕೊಂದು ಸುತ್ತಿನಂತೆ ಸುತ್ತುತ್ತ ಹೋಗಬೇಕು. ಅವಳ ಹುಳ ಹೊರಬರಲು ಒಂದೂವರೆ ತಿಂಗಳು ಹಿಡಿಯಿತು. “ಕಾಲು ಅಲುಗಿಸಬ್ಯಾಡ, ಹೊರಸು ಬಿಟ್ಟು ಏಳಬ್ಯಾಡ,” ಎಂದು ಅವ್ವ ಮಾಣಿಕಮ್ಮ ದಿನಾ ಬೆಳಿಗ್ಗೆ ತಾಕೀತು ಮಾಡಿ, ತೊಗರಿ ಬೇಳೆಯ ಗಿರಣಿಗೆ ಕೂಲಿಗೆ ಹೋಗುತ್ತಿದ್ದಳು.

ಶಾಲೆಯಲ್ಲಿ ಆ ವರ್ಷ ಕನ್ನಡದ ಮಾಸ್ತರು ಹೋಗಿ ತೆಲುಗಿನವರು ಬಂದಿದ್ದರು. ಹಳೆಯ ಅಕ್ಷರ ಪೂರ್ತಿ ಬರುತ್ತಿರಲಿಲ್ಲ, ಹೊಸದನ್ನು ಕಲಿಯಲು ಕಾಲಿರಲಿಲ್ಲ. ಹೊರಸಿನ ಪಕ್ಕದ ಗೋಡೆಗೆ ಅಪ್ಪ ಗಣಿಯಿಂದ ತಂದ ಮೂಲೆ ಒಡೆದ ಫರಸಿಗಳನ್ನು ಒರಗಿಸಿಟ್ಟಿದ್ದ. ಕಟ್ಟೆಗೆ ಹಾಸಬೇಕೆಂದಿದ್ದ. ಈರಿ ಹೊರಸಿನ ಮೇಲೆ ಬೋರಲು ಮಲಗಿ, ಒಂದು ಮೊಳೆ ಹಿಡಿದು, ಆ ಕಲ್ಲುಗಳ ಮೇಲೆ ಗೀಚತೊಡಗಿದಳು. ಒಂದು ಫರಸಿಗೆ ಒಂದು ಚಿತ್ರ. ಎಡದಿಂದ ಬಲಕ್ಕೆ ನೋಡುತ್ತ ಹೋದರೆ ಕತೆ.

ಕತೆ ಸುಗಲಾಳದು. ಅವಳಿಗೆ ಹನ್ನೆರಡು ವರ್ಷ. ತಾಯಿ ಸತ್ತು, ಹಿಂದಿನ ವರ್ಷವಷ್ಟೇ ಒಂದು ಗಂಟು ಹಿಡಿದುಕೊಂಡು ಈ ಮನೆಗೆ ಬಂದಿದ್ದಳು. ಬಂದ ದಿನವೇ ಅಪ್ಪ ಅವಳಿಗೆ ಕೆಂಪು ರಿಬ್ಬನ್ನು ತಂದುಕೊಟ್ಟ. ಅಲ್ಲಿಂದ ಶುರು. ಸಂತೆಯ ದಿನ ಅಪ್ಪ ಅವಳ ಕೈ ಹಿಡಿದು ಬಜಾರಿಗೆ ಹೋಗುತ್ತಿದ್ದ. ಇಷ್ಟು ವರ್ಷವಾದರೂ ಈರಮ್ಮನಿಗೆ ಆ ಬೈತಲೆ ಕಣ್ಣಿಗೆ ಕಟ್ಟಿದಂತಿದೆ. ಎಣ್ಣೆ ಹಚ್ಚಿ ನಡುವೆ ತೆಗೆದ ನೇರ ಬೈತಲೆ, ಅದರ ಎರಡೂ ಕಡೆ ಕೆಂಪು ರಿಬ್ಬನ್ನಿನ ಹೂವು, ಅಪ್ಪನ ಹಿಡಿಯಲ್ಲಿ ಅವಳ ಕೈ. ತಾನು ಹುಳದ ಕಾಲು ಹೊತ್ತು ಹೊರಸಿನ ಮೇಲೆ ಬಿದ್ದಿದ್ದೆ, ಅವರಿಬ್ಬರೂ ಸಂತೆ ಸುತ್ತಿದರು ಎಂದು ಅವಳು ತನ್ನ ಮಕ್ಕಳಿಗೂ ಎಷ್ಟೋ ಸಲ ಹೇಳಿದ್ದಾಳೆ.

ಮೊದಲ ಫರಸಿಯಲ್ಲಿ ಅವರಿಬ್ಬರೂ ದಾರಿಯಲ್ಲಿ ಹೋಗುತ್ತಿದ್ದರು. ಎರಡನೆಯದರಲ್ಲಿ ಬಳೆಗಾರ, ಸುಗಲಾಳ ಕೈ ತುಂಬ ಬಳೆ. ಮೂರನೆಯದರಲ್ಲಿ ಸುಗಲಾ ಬಾಯ್ತುಂಬ ನಗುತ್ತ, ಬತ್ತಾಸು ಹಿಡಿದ ಕೈ ಮೇಲಕ್ಕೆ ಚಾಚಿದ್ದಳು. ಅಪ್ಪನ ಚಿತ್ರವೇ ತಮಾಷೆಯದು. ಮೂರರಲ್ಲೂ ಅವನಿಗೆ ಮೈಯಿಲ್ಲ, ಮುಖವಿಲ್ಲ. ಕಲ್ಲಿನ ಕೆಳ ಅಂಚಿನಲ್ಲಿ ಸುತ್ತು ಸುತ್ತಾದ ಒಂದು ದೊಡ್ಡ ರುಮಾಲು, ಅದರೊಳಗಿಂದ ಹೊರಟ ಒಂದು ಕೈ, ರುಮಾಲಿನ ಎರಡೂ ಮಗ್ಗುಲಿಗೆ ಜೋತುಬಿದ್ದ ಎರಡು ಉದ್ದನೆಯ ಕಿವಿ. ಒಂದು ಕಿವಿಗೆ ಅಡ್ಡಲಾಗಿ ಒಂದು ಸಣ್ಣ ಗೀಟು.

“ಏ ಹುಡುಗಿ, ನಿಮ್ಮಪ್ಪಗ ಕತ್ತೆ ಕಿವಿ ಬರದೀಯಲ್ಲ,” ಎಂದು ಆಗ ಪಕ್ಕದ ಮನೆಯ ಹರೆಯದ ಸೊಸೆಯಾಗಿದ್ದ ಭೀಮಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. “ಕಿವ್ಯಾಗ ಬೀಡಿ ಬ್ಯಾರೆ ಸಿಗಿಸೀದಿ.”

ಈರಿ ಸಿಟ್ಟಿನಿಂದ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದಳು.

*

ಕಟ್ಟೆಯ ಫರಸಿಗಳನ್ನು ಮೀಟಿ ಎಬ್ಬಿಸಲು ಮೂರು ಜನ ಬೇಕಾಯಿತು. ಅಡಿಯಲ್ಲಿ ಹಸಿ ಮಣ್ಣು ದಪ್ಪಗೆ ಅಂಟಿಕೊಂಡಿತ್ತು. ಹಾಗೇ ಎತ್ತಿ ಚಕ್ಕಡಿಗೆ ಹಾಕಿದರು. ಚಿತ್ರ ಕಾಣಲಿಲ್ಲವಲ್ಲ ಎಂದು ಈರಮ್ಮನಿಗೆ ಒಂದು ಕಡೆ ಸಮಾಧಾನವಾಯಿತು. ಅಪ್ಪ ತನ್ನ ಮೇಲಿನ ಸಿಟ್ಟಿಗೆ ಆ ಚಿತ್ರಗಳನ್ನು ಮಣ್ಣಿನ ಕಡೆ ಮುಖ ಮಾಡಿ ಹುಗಿದ, ಇಪ್ಪತ್ತನಾಲ್ಕು ವರ್ಷ ಅದರ ಮೇಲೆಯೇ ಕೂತ ಎಂಬುದು ಅವಳ ನಂಬಿಕೆ. ಈಗ ಗುಂಡಿಗೂ ಅದನ್ನೇ ಒಯ್ಯುತ್ತಿದ್ದಾನೆ. ಹೋಗುವಾಗಲೂ ಸುಗಲಾಳ ಚಿತ್ರವೇ ಬೇಕಾಯಿತು ಅಪ್ಪನಿಗೆ.

ಮೆರವಣಿಗೆ ರೈಲಿನ ಗೇಟಿನ ಹತ್ತಿರ ನಿಂತಿತು. ವಾಡಿ ಕಡೆಯಿಂದ ಗೂಡ್ಸ್ ಗಾಡಿ ಬರುವುದಿತ್ತು. ಸಿಂಗರಿಸಿದ ಪೀಠದಲ್ಲಿ ಕೂತ ವೀರಪ್ಪನನ್ನು ಹೆಗಲ ಮೇಲೆ ಹೊತ್ತುಕೊಂಡೇ ನಾಲ್ವರು ನಿಂತರು. ಗೇಟಿನವನು ಹಸಿರು ಬಾವುಟ ಕಂಕುಳಲ್ಲಿ ಸಿಗಿಸಿಕೊಂಡು ಬಂದು, ಎಲ್ಲರ ಹಿಂದೆ ಬುಟ್ಟಿ ಹಿಡಿದು ನಿಂತಿದ್ದ ಸುಗಲಾಬಾಯಿಗೆ ಕೈ ಮುಗಿದ.

“ಹೋಗಿಬಿಟ್ರೇನ್ರಿ ಮಾಮಾ? ಮೂರು ತಿಂಗಳ ಹಿಂದ ನಿಮ್ಮ ಕೈ ಹಿಡಕೊಂಡು ದವಾಖಾನಿಗಿ ಹೋಗೂದು ನೋಡಿದ್ನಿ.”

“ಹೋಗ್ಯಾನ ನೋಡ್ರಿ,” ಎಂದಳು ಸುಗಲಾಬಾಯಿ. “ಮಗಳು ಅಲ್ಲಿ ಮುಂದ ಅದಾಳ. ಅಕಿಗಿ ಮಾತಾಡಸ್ರಿ.”

ಗೇಟಿನವನು ಈರಮ್ಮನ ಕಡೆ ನೋಡಿದ. ಗುರುತು ಸಿಗಲಿಲ್ಲ. ಅಲ್ಲಿಂದಲೇ ಒಮ್ಮೆ ತಲೆ ಬಾಗಿಸಿ ಗೇಟಿಗೆ ಹೋದ. ಊರಿನ ಲೆಕ್ಕದಲ್ಲಿ ವೀರಪ್ಪನ ಕೈ ಹಿಡಿದವಳು ಇಂದಿಗೂ ಸುಗಲಾಳೇ. ಈರಮ್ಮನಿಗೆ ಅಳು ಬಂತು. ಅದು ಅಪ್ಪ ಸತ್ತದ್ದಕ್ಕಲ್ಲ ಎಂಬುದು ಗೊತ್ತಾಗಿ ನಾಚಿಕೆಯೂ ಆಯಿತು. ಆದರೆ ಅಳು ನಿಲ್ಲಲಿಲ್ಲ.

ಗಾಡಿ ಉದ್ದವಿತ್ತು. ಕಾಯುತ್ತ ನಿಂತ ಗಂಡಸರಲ್ಲಿ ಒಬ್ಬ ಬೀಡಿ ಹಚ್ಚಿದ. ಮಾಳಿಂಗಪ್ಪನೂ ಕಿವಿಯ ಸಂದಿಯಿಂದ ಒಂದನ್ನು ತೆಗೆದು, ವೀರಪ್ಪನ ಕಡೆ ನೋಡಿ, ಮತ್ತೆ ಅಲ್ಲಿಯೇ ಸಿಗಿಸಿದ.

“ಸೇದು ಕಾಕಾ, ಈಗೇನಂತಾನ,” ಎಂದ ಹಚ್ಚಿದವನು.

“ಬ್ಯಾಡಪ. ನಲವತ್ತು ವರ್ಷ ಅವನ ಮುಂದ ಹಚ್ಚಿಲ್ಲ. ಇಡೀ ಗಣ್ಯಾಗ ಬೀಡಿ ಮುಟ್ಟದ ಮನಷ್ಯಾ ಇವನೊಬ್ಬ. ವಾಸನಿ ಬಂದ್ರ ಎದ್ದು ಗಾಳಿ ಬರೂ ಕಡಿ ಹೋಗಿ ಕುಂಡ್ರತಿದ್ದ.”

ಈರಮ್ಮ ತಿರುಗಿ ನೋಡಿದಳು. ಹೌದಲ್ಲ, ಅಪ್ಪ ಬೀಡಿ ಸೇದಿದ್ದನ್ನು ತಾನೆಂದೂ ನೋಡಿಲ್ಲ. ಮತ್ತೆ ಆ ಚಿತ್ರದಲ್ಲಿ ಯಾಕೆ ಬರೆದೆ? ಸಣ್ಣ ಹುಡುಗಿ, ಏನೋ ಗೀಚಿರಬೇಕು ಎಂದುಕೊಂಡಳು. ಕೊನೆಯ ಡಬ್ಬಿ ದಾಟಿತು, ಗೇಟು ಎದ್ದಿತು.

*

ಆ ಚಿತ್ರಗಳನ್ನು ನೋಡಿ ನಗದೇ ಇದ್ದವಳು ಒಬ್ಬಳೇ, ಮಾಣಿಕಮ್ಮ.

ಈರಿ ಹುಟ್ಟಿದ ಮೇಲೆ ಅವಳಿಗೆ ಮಕ್ಕಳಾಗಿರಲಿಲ್ಲ. ಆ ಸೀಮೆಯಲ್ಲಿ ಅಕ್ಕನ ಮಗಳನ್ನು ಮದುವೆಯಾಗುವುದು ಹೊಸದಲ್ಲ. ಗಂಡುಮಗ ಬೇಕೆಂದು ಎರಡನೆಯವಳನ್ನು ತರುವುದೂ ಹೊಸದಲ್ಲ. ‘ಇನ್ನ ಮೂರು ನಾಕು ವರ್ಷ ಹೋಗಲಿ, ಹೊರಗಿನ ಹೆಣ್ಣು ಹುಡುಕೂದೇ ಬ್ಯಾಡ, ಮನ್ಯಾಗೇ ಬೆಳೀಲಿಕತ್ಯಾದ’ ಎಂದು ಬಾವಿಯ ಕಟ್ಟೆಯಲ್ಲಿ ಯಾರೋ ಅಂದದ್ದು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ವೀರಪ್ಪನಿಗೆ ಆ ಯೋಚನೆ ಕನಸಿನಲ್ಲೂ ಇರಲಿಲ್ಲ. ಆದರೆ ಇಲ್ಲದ್ದನ್ನು ಇಲ್ಲವೆಂದು ತೋರಿಸುವುದು ಹೇಗೆ?

ಒಂದು ಸಂಜೆ ಗಿರಣಿಯಿಂದ ಬಂದ ಮಾಣಿಕಮ್ಮ ಕೈಕಾಲು ತೊಳೆಯದೆ ಆ ಫರಸಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಒಂದೊಂದನ್ನೇ ಬೆರಳಿಟ್ಟು ಓದಿದಳು. ದಾರಿಯಲ್ಲಿ ಇಬ್ಬರು. ಬಳೆಗಾರನ ಮುಂದೆ ಇಬ್ಬರು. ಬತ್ತಾಸು ತಿನ್ನಿಸುವಾಗ ಇಬ್ಬರು. ಮೂರನೆಯವರಿಲ್ಲ.

“ಈರಿ, ಖರೇ ಹೇಳು. ಸಂತಿಗಿ ಹೋದಾಗ ನೀ ಸಂಗಟ ಇದ್ದೇನು?”

ಈರಿ ಚಿತ್ರಗಳ ಕಡೆ ನೋಡಿದಳು. ತನ್ನನ್ನು ಹುಡುಕಿದಳು. ಎಲ್ಲಿಯೂ ಇರಲಿಲ್ಲ. ಬಾಗಿಲಲ್ಲಿ ಅಪ್ಪ ಬಂದು ನಿಂತಿದ್ದ, ಅವನ ಹಿಂದೆ ಸುಗಲಾ. ಸುಗಲಾಳ ಕೈಯಲ್ಲಿ ಬಳೆ ಸದ್ದು ಮಾಡಿದವು.

“ಇಲ್ಲ,” ಎಂದಳು ಈರಿ. “ಅಪ್ಪ, ಸುಗಲಿ ಇಬ್ರೇ.”

ಅಪ್ಪ ಏನೋ ಹೇಳಲು ಬಾಯಿ ತೆರೆದ. ಮಗಳ ಮುಖ ನೋಡಿದ. ಬಾಯಿ ಮುಚ್ಚಿಕೊಂಡ.

ಆ ರಾತ್ರಿ ಅವ್ವ ಅಪ್ಪನ ಜಗಳ ಓಣಿಗೆಲ್ಲ ಕೇಳಿತು. ಎಂಟು ದಿನದಲ್ಲಿ ಸುಗಲಾಳ ಗಂಟು ಕಟ್ಟಿ ಮೊಗುಡಂಪಲ್ಲಿಯ ದೂರದ ನೆಂಟರ ಮನೆಗೆ ಕಳಿಸಿದರು. ವರ್ಷ ತುಂಬುವುದರೊಳಗೆ ಅವರು ಅವಳನ್ನು ಅವಳ ಎರಡು ಪಟ್ಟು ವಯಸ್ಸಿನವನಿಗೆ ಕೊಟ್ಟರು. ಅವಳಿಗೆ ಮಕ್ಕಳಾಗಲಿಲ್ಲ, ಅವನು ಬಹಳ ದಿನ ಉಳಿಯಲೂ ಇಲ್ಲ. ಹದಿನಾಲ್ಕು ಹದಿನೈದು ವರ್ಷ ಅವರಿವರ ಹೊಲದಲ್ಲಿ ಕಳೆ ಕಿತ್ತು, ಮಾಣಿಕಮ್ಮ ತೀರಿಕೊಂಡ ಮೇಲೆ ಅವಳು ಮತ್ತೆ ಅದೇ ಗಂಟಿನೊಂದಿಗೆ ಮಾಮನ ಬಾಗಿಲಿಗೆ ಬಂದಳು. ಮೊಗುಡಂಪಲ್ಲಿಗೆ ಕಳಿಸಿದ ದಿನ ಸುಗಲಾಳನ್ನು ಕೂಡಿಸಿಕೊಂಡ ಬಾಡಿಗೆ ಗಾಡಿ ಓಣಿ ತಿರುಗುವಾಗ ಈರಿ ಹೊರಸಿನ ಮೇಲಿಂದ ನೋಡಿದ್ದಳು. ಖುಷಿಯಾಗಿತ್ತು. ಅದನ್ನು ಅವಳು ಯಾರಿಗೂ ಹೇಳಿಲ್ಲ.

ಸುಗಲಾ ಹೋದ ಮರುದಿನ ಅಪ್ಪ ಫರಸಿಗಳನ್ನು ಹಿತ್ತಲಿಗೆ ಒಯ್ದ. ನಾಲ್ಕು ದಿನ ಅಲ್ಲಿ ಟಕ್ ಟಕ್ ಎಂದು ಸದ್ದು ಕೇಳುತ್ತಿತ್ತು. ಕಟ್ಟೆಗೆ ಹೊಂದುವಂತೆ ಒಡೆದ ಮೂಲೆ ಕಡಿಯುತ್ತಿದ್ದಾನೆ ಎಂದುಕೊಂಡಳು. ಆಮೇಲೆ ತಂದು ಕಟ್ಟೆಗೆ ಬೋರಲು ಹಾಕಿದ.

*

ಗುಂಡಿ ಎದೆ ಮಟ್ಟಕ್ಕಿಂತ ಆಳವಿತ್ತು. ಪಕ್ಕದಲ್ಲಿ ಗೂಡು. ವೀರಪ್ಪನನ್ನು ಇಳಿಸಿ ಗೂಡಿನೊಳಗೆ ಕೂಡಿಸಿದರು. ಅಯ್ಯನವರು ಮಂತ್ರ ಹೇಳುತ್ತ ವಿಭೂತಿ ಚೆಲ್ಲಿದರು. ಈರಮ್ಮ ಸೆರಗು ಸೊಂಟಕ್ಕೆ ಸಿಗಿಸಿ ದಂಡೆಯಲ್ಲಿ ಸಿದ್ಧಳಾಗಿ ನಿಂತಳು. ಸುಗಲಾಬಾಯಿ ದೂರದ ಬೇವಿನ ಮರದ ಕೆಳಗಿದ್ದಳು. ಹತ್ತಿರ ಬರಬೇಡ ಎಂದಮೇಲೆ ಅವಳು ಬಂದಿರಲಿಲ್ಲ.

ಮಾಳಿಂಗಪ್ಪ ಫರಸಿಗಳನ್ನು ಚಕ್ಕಡಿಯಿಂದ ಇಳಿಸಿ ಸಾಲಾಗಿ ಒರಗಿಸಿದ. “ಮಣ್ಣ ಹಂಗೇ ಇಟ್ಟು ಒಯ್ದರ ವೀರಪ್ಪ ಬೈದಾನು,” ಎಂದು ಕೊಡದಿಂದ ನೀರು ಸುರಿದು ಕೈಯಿಂದ ಉಜ್ಜಿದ. ಮಣ್ಣು ಕರಗಿ ಇಳಿಯಿತು. ಗೆರೆಗಳು ಎದ್ದವು.

ಮೊಳೆಯಿಂದ ಗೀಚಿದ ಗೆರೆಗಳಲ್ಲ ಅವು. ಒಂದೊಂದೂ ಬೆರಳ ತುದಿ ಇಳಿಯುವಷ್ಟು ಆಳವಿದ್ದವು.

“ಉಳಿ ಕೆಲಸ ಇದು,” ಎಂದ ಮಾಳಿಂಗಪ್ಪ. ಗೆರೆಯೊಳಗೆ ಬೆರಳು ಆಡಿಸಿದ. “ನಿನ್ನ ಗೆರಿ ಮ್ಯಾಲೇ ಉಳಿ ನಡಸ್ಯಾನ. ಹುಡುಗೀದು ಕತಿ, ಅಳಿಸಿ ಹೋದ್ರ ಮತ್ತ ಹಂಗ ಬರಿಯಾಕ ಬರೂದಿಲ್ಲ ಅಂತ ನನ್ನ ಕಡಿಂದ ಸಣ್ಣ ಉಳಿ ಒಯ್ದಿದ್ದ.”

ಈರಮ್ಮ ಹತ್ತಿರ ಬಂದಳು. ಎಲ್ಲವೂ ಅವಳದೇ ಗೆರೆ. ಡೊಂಕಾದಲ್ಲಿ ಡೊಂಕು, ತಪ್ಪಿದಲ್ಲಿ ತಪ್ಪು. ಬಳೆಗಾರನ ಕೈಗೆ ಆರು ಬೆರಳು ಬರೆದಿದ್ದಳು. ಅಪ್ಪ ಆರನ್ನೂ ಕಡೆದಿದ್ದ. ಒಂದನ್ನೂ ತಿದ್ದಿರಲಿಲ್ಲ, ತನ್ನದೊಂದು ಗೆರೆ ಸೇರಿಸಿರಲಿಲ್ಲ.

ನೀರು ಇನ್ನೂ ಕೆಳಗಿಳಿಯಿತು. ಕೆಳ ಅಂಚಿನ ರುಮಾಲು ಕಾಣಿಸಿತು. ಒಂದರ ಮೇಲೊಂದು ಮೂರು ಸುತ್ತು, ನಡುವೆ ಕುಳಿ, ಕುಳಿಯಲ್ಲಿ ತುರುಕಿದ ತುದಿ. ಬೆಳಿಗ್ಗೆ ಅವಳ ಕೈ ಸುತ್ತಿದ್ದು ಇದನ್ನೇ. ನೆಲದ ಮೇಲೆ ನಿಂತವರಿಗೆ ಕಾಣದ ನೆತ್ತಿ. ಆಮೇಲೆ ಎರಡೂ ಮಗ್ಗುಲಿನ ಕಿವಿಗಳು ಕಾಣಿಸಿದವು.

ಕಿವಿಗಳಿಗೆ ಬೆರಳುಗಳಿದ್ದವು.

ಒಂದಕ್ಕೆ ಐದು, ಒಂದಕ್ಕೆ ಆರು. ಮೊಳೆಯ ತೆಳು ಗೀಚಿನಲ್ಲಿ ಅವು ಅಂದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆರು ಬೆರಳಿನ ಕಿವಿಗೆ ಅಡ್ಡವಾಗಿ ಒಂದು ಕಡ್ಡಿ, ಕಡ್ಡಿಗೆ ಸುತ್ತಿದ ಸಣ್ಣ ಸಣ್ಣ ಗೆರೆ. ಈರಮ್ಮ ಬಗ್ಗಿ ನೋಡಿದಳು. ಆಮೇಲೆ ತನ್ನ ಬಲಗಾಲನ್ನು ನೋಡಿದಳು. ಗಿಣ್ಣಿನ ಹತ್ತಿರ ಹುಳ ಹೊರಬಂದ ಕಲೆ ಇನ್ನೂ ಇತ್ತು, ಬಿಳಿಯ ಗುಂಡಿಯ ಹಾಗೆ.

ಅಪ್ಪನ ಹೆಗಲು. ಎರಡೂ ಕಡೆ ಇಳಿಬಿಟ್ಟ ತನ್ನ ಕಾಲು. ಕೈಗೆ ಆಸರೆಯಾಗಿ ಹಿಡಿದ ರುಮಾಲು, ಅದರ ಬೆವರಿನ ವಾಸನೆ. ಇಪ್ಪತ್ತನಾಲ್ಕು ವರ್ಷದಿಂದ ಕಣ್ಣಿಗೆ ಕಟ್ಟಿದ್ದ ಆ ಬೈತಲೆಯನ್ನು ಅವಳು ಹೊರಸಿನ ಮೇಲಿಂದ ನೋಡಿರಲಿಲ್ಲ. ಮೇಲಿನಿಂದ ನೋಡಿದ್ದಳು.

“ಅವನು ಹೇಳಿದ್ದನವ್ವ,” ಎಂದ ಮಾಳಿಂಗಪ್ಪ ಮೆಲ್ಲಗೆ. “ಮಗಳು ನನ್ನ ಹೆಗಲ ಮ್ಯಾಲೇ ಇದ್ದಳು ಅಂತ ಆ ರಾತ್ರಿ ನಿಮ್ಮವ್ವಗ ಹೇಳಿದ. ಅಕಿ ನಂಬಲಿಲ್ಲ. ಕೂಸು ಇಲ್ಲ ಅಂದದ, ಗಂಡ ಹೌದಂತಾನ. ಯಾರ ಮಾತು ನಡೀತದ?”

ಈರಮ್ಮ ಬೇವಿನ ಮರದ ಕಡೆ ನಡೆದಳು. ಸುಗಲಾಬಾಯಿ ಬುಟ್ಟಿ ಎತ್ತಿಕೊಂಡು ಎದ್ದು ನಿಂತಳು, ಇನ್ನೂ ದೂರ ಹೋಗು ಎನ್ನುತ್ತಾಳೇನೋ ಎಂಬಂತೆ.

“ನಾ ಹೆಗಲ ಮ್ಯಾಲಿದ್ದೆ,” ಎಂದಳು ಈರಮ್ಮ.

“ಹೌದವ್ವ.”

“ನಿನಗ ಗೊತ್ತಿತ್ತು.”

“ಗೊತ್ತಿರದ ಏನು? ನಿನ್ನ ಕಾಲಿಗಿ ಧಕ್ಕಿ ಹತ್ತಬಾರದಂತ ನಾ ಆ ಮಗ್ಗಲೇ ನಡೀತಿದ್ದೆ. ಹೊರಸಿನ ಮ್ಯಾಲ ಬಿದ್ದು ಅಳತಿದ್ದಿ ಅಂತ ಮಾಮ ಕದ್ದು ಒಯ್ಯತಿದ್ದ. ಅವ್ವ ಬರೂದ್ರಾಗ ತಂದು ಮಲಗಸ್ತಿದ್ದ. ಅವ್ವಗ ಹೇಳಬ್ಯಾಡ ಅಂತ ನಿನಗ ಆಣಿ ಹಾಕಿದ್ದ.” ಸುಗಲಾಬಾಯಿ ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಾಯಿಸಿದಳು. “ನೀ ಹೇಳಲಿಲ್ಲ. ಮಾತು ಉಳಿಸಿದಿ. ಎಂಟು ವರ್ಷದ ಕೂಸು, ನಿಂದೇನು ತಪ್ಪು? ನಾ ಒಂದ ದಿನಾನೂ ನಿನ್ನ ಮ್ಯಾಲ ಸಿಟ್ಟ ಮಾಡಿಲ್ಲ.”

ಆಣೆಯ ಮಾತು ಈರಮ್ಮನಿಗೆ ನೆನಪೇ ಇರಲಿಲ್ಲ. ನೆನಪಿದ್ದದ್ದು ಬಾಗಿಲಲ್ಲಿ ಸದ್ದು ಮಾಡಿದ ಬಳೆ, ಓಣಿ ತಿರುಗಿದ ಗಾಡಿ, ಆಗ ಆದ ಖುಷಿ. ಹೀಗೆ ಒಳ್ಳೆಯವಳೆಂದು ಇಷ್ಟು ವರ್ಷ ತನ್ನನ್ನು ನಂಬಿದವಳ ಮುಂದೆ ನಿಲ್ಲುವುದಕ್ಕಿಂತ ಬೈಗುಳ ತಿನ್ನುವುದು ಹಗುರವಾಗಿತ್ತು.

“ಆಣಿ ಉಳಿಸಾಕ ಅಲ್ಲ,” ಎಂದಳು. “ನೀ ಹೋಗಲಿ ಅಂತ ಇಲ್ಲ ಅಂದೆ.”

ಸುಗಲಾಬಾಯಿ ಅವಳ ಮುಖ ನೋಡಿದಳು. ಬುಟ್ಟಿ ವಾಲಿ ನಾಲ್ಕೆಲೆ ಕೆಳಗೆ ಬಿದ್ದವು. ಬಗ್ಗಿ ಅವನ್ನು ಆರಿಸಿಕೊಂಡಳು.

“ಹೊತ್ತಾಗ್ಲಿಕತ್ಯಾದ,” ಎಂದು ಅಯ್ಯನವರು ಕೂಗಿದರು. “ಇಳಿಯೋರು ಬರ್ರಿ.”

“ಅಕ್ಕ ಇಳೀತಾಳ್ರಿ,” ಎಂದಳು ಈರಮ್ಮ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಗಲಾಬಾಯಿ ಅವಳ ಕಡೆ ತಿರುಗದೆ ನಡೆದಳು. ದಂಡೆಯಲ್ಲಿ ಕೂತು ಕಾಲು ಇಳಿಬಿಟ್ಟು ಗುಂಡಿಗೆ ಇಳಿದಳು. ಮಾಮನ ಎಡಗೈಯ ಲಿಂಗದ ಮೇಲೆ ಮೂರೆಲೆಯ ಪತ್ರೆ ಇಟ್ಟಳು. ಹಣೆಯ ವಿಭೂತಿ ಕಣ್ಣಿಗೆ ಉದುರಿದ್ದನ್ನು ಸೆರಗಿನಿಂದ ಒರೆಸಿದಳು. ಈರಮ್ಮ ಸುತ್ತಿದ ರುಮಾಲಿನ ಮೇಲೆ ಒಂದು ಸಲ ಕೈಯಿಟ್ಟಳು. ಅದನ್ನು ಬಿಚ್ಚಲಿಲ್ಲ.

“ಚಿತ್ರ ಒಳಗ ಮಾಡಿ ಇಡಲೇನು, ಹೊರಗ ಮಾಡಿ ಇಡಲೇನು?” ಎಂದು ಮಾಳಿಂಗಪ್ಪ ಫರಸಿಗೆ ಕೈ ಹಾಕುತ್ತ ಕೇಳಿದ.

“ಒಳಗ ಮಾಡ್ರಿ ಕಾಕಾ. ಅಪ್ಪಗ ಕಾಣೂ ಹಂಗ.”

ಈರಮ್ಮ ದಂಡೆಯ ತುದಿಗೆ ಬಂದು ನಿಂತು ಕೆಳಗೆ ನೋಡಿದಳು. ಮಣ್ಣಿನ ಅಂಚಿನಲ್ಲಿ ಅವಳ ಎರಡು ಪಾದಗಳಿದ್ದವು, ಬಲಗಾಲಿಗೆ ಕಲೆ. ಅವುಗಳಾಚೆ, ಕೆಳಗೆ, ನಡುವೆ ತೆಗೆದ ನೇರ ಬೈತಲೆ. ಎರಡೂ ಕಡೆ ಕೂದಲು ನರೆತಿತ್ತು. ಸುಗಲಾಬಾಯಿ ಮುಖ ಮೇಲೆತ್ತಿ, ಹತ್ತಿ ಬರಲು ಕೈಯನ್ನು ಮೇಲಕ್ಕೆ ಚಾಚಿದಳು.